ಜಾರಲೆಂದೇ ಕೊಂಡ ಕಾರು

ಅಪ್ಪನಿಗೆ ನಾನು ಹೇಳಿದ ಸುಳ್ಳು ಎರಡು ಸಾವಿರ ಡಾಲರ್‌ನದ್ದು. ಕಾರಿಗೆ ಕೊಟ್ಟಿದ್ದು 2,800. ಹೇಳಿದ್ದು 800. ಅವರು ಗ್ಯಾರೇಜಿನ ಬಾಗಿಲಲ್ಲೇ ನಿಂತು ಮನಸ್ಸಿನಲ್ಲಿ ರೂಪಾಯಿ ಲೆಕ್ಕ ಹಾಕಿದರು. "ಅರವತ್ತೈದು ಸಾವಿರದ ಮೇಲಾಯ್ತಲ್ಲ ಮಾರಾಯ. ಅಷ್ಟು ಕೊಟ್ರೂ ಸೀಟು ಕೊಡ್ಲಿಲ್ವಾ?"

ಸೀಟು ಕೊಟ್ಟಿದ್ದರು. ನಾನೇ ಬಿಚ್ಚಿ ಗೋಡೆಗೆ ಒರಗಿಸಿ ಇಟ್ಟಿದ್ದೆ. ಕಾರ್ಪೆಟ್ ಕಿತ್ತಿದ್ದೆ, ಸ್ಟೀರಿಯೋ ತೆಗೆದಿದ್ದೆ. ಹಿಂದಿನ ಎರಡು ಚಕ್ರಗಳೂ ಇರಲಿಲ್ಲ, ಕಾರು ಸ್ಟ್ಯಾಂಡಿನ ಮೇಲೆ ಕೂತಿತ್ತು. ನಾಲ್ಕು ದಿನದ ಹಿಂದಷ್ಟೇ ಬೆಂಗಳೂರಿನಿಂದ ಬಂದಿಳಿದ ಮನುಷ್ಯನಿಗೆ ಮಗನ ಅಮೆರಿಕದ ಸಂಸಾರ ತೋರಿಸುವಾಗ ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದೂ ತಪ್ಪೇ. ಏನೋ ಮುಚ್ಚಿಡ್ತಿದ್ದಾನೆ ಅಂತ ಅವರಿಗೆ ಮೊದಲೇ ವಾಸನೆ ಬಡಿದಿತ್ತು.

ನಮ್ಮಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. 31 ವರ್ಷ. ಅದರಲ್ಲಿ ಹೆಚ್ಚಿನ ವರ್ಷ ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ. ಅಪಘಾತ ಮಾಡದೆ ಓಡಿಸಿದ್ದಕ್ಕೆ ಕೊಟ್ಟ ಬೆಳ್ಳಿ ಪದಕ ನಮ್ಮ ಮನೆಯ ಶೋಕೇಸಿನಲ್ಲಿ, ಬಂದಾಗ ಇದ್ದ ಪ್ಲಾಸ್ಟಿಕ್ ಕವರಿನ ಸಮೇತ, ಇವತ್ತಿಗೂ ಇದೆ. ಬಸ್ಸು ಜಾರದಂತೆ ನೋಡಿಕೊಂಡೇ ನಮ್ಮನ್ನು ಓದಿಸಿದ ಮನುಷ್ಯ. ಆತನ ಮಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಕೂತು, ಜಾರಿಸಲಿಕ್ಕೆ ಅಂತಲೇ ಒಂದು ಕಾರು ತಗೊಂಡಿದ್ದಾನೆ. ಇದನ್ನು ಹೇಗೆ ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. "ಹಳೇ ಕಾರು, ರಿಪೇರಿ ಕಲೀತಾ ಇದ್ದೀನಿ" ಅಂದೆ. ಅದು ಎರಡನೇ ಸುಳ್ಳು.

ಡ್ರಿಫ್ಟಿಂಗ್ ಅಂದರೆ ಗೊತ್ತಿಲ್ಲದವರಿಗೆ: ತಿರುವಿನಲ್ಲಿ ಕಾರಿನ ಹಿಂದಿನ ಚಕ್ರಗಳ ಹಿಡಿತ ಬೇಕಂತಲೇ ತಪ್ಪಿಸಿ, ಕಾರು ಅಡ್ಡಡ್ಡ ಜಾರುತ್ತಿರುವಾಗಲೇ ಅದನ್ನು ಆಕ್ಸಿಲರೇಟರ್ ಮತ್ತು ಸ್ಟೇರಿಂಗ್‌ನಲ್ಲಿ ಹಿಡಿದುಕೊಂಡು ತಿರುವು ಮುಗಿಸುವುದು. ಮುಂದಿನ ಚಕ್ರ ತಿರುವಿನ ಉಲ್ಟಾ ದಿಕ್ಕಿಗೆ ನೋಡುತ್ತಿರುತ್ತದೆ. ಶುರುವಾದದ್ದು ಜಪಾನಿನಲ್ಲಿ. 70ರ ದಶಕದಲ್ಲಿ ಕುನಿಮಿತ್ಸು ತಕಾಹಾಶಿ ಎಂಬ ರೇಸರ್ ಹೀಗೆ ತಿರುವು ತೆಗೆಯುತ್ತಿದ್ದ. ಅದನ್ನು ನೋಡಿ ಕಲಿತ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಹಳೇ ಟೊಯೋಟಾ ಓಡಿಸಿ 'ಡ್ರಿಫ್ಟ್ ಕಿಂಗ್' ಅನ್ನಿಸಿಕೊಂಡ. ಈಗ ಅದೊಂದು ಸ್ಪರ್ಧೆ. ಯಾರು ಮೊದಲು ಬಂದರು ಅಂತಲ್ಲ, ಎಷ್ಟು ಅಡ್ಡಕ್ಕೆ, ಯಾವ ಗೆರೆಯಲ್ಲಿ, ಎಷ್ಟು ಚೆಂದಕ್ಕೆ ಜಾರಿದರು ಅಂತ ಅಂಕ. ಹೌದು, ಜಾರಿದ್ದಕ್ಕೆ ಮಾರ್ಕ್ಸು.

ನನಗೆ ಈ ಹುಚ್ಚು ಹತ್ತಿದ್ದು ಒಂದು ಕೆಟ್ಟ ಚಳಿಗಾಲದಲ್ಲಿ. ಆಫೀಸಿನಲ್ಲಿ ಒಂದು ಬೆಳಿಗ್ಗೆ ನಮ್ಮ ಟೀಮಿನ ಅರ್ಧ ಜನರ ಲ್ಯಾಪ್‌ಟಾಪ್ ಲಾಕ್ ಆಯ್ತು. ನಾನು ಉಳಿದುಕೊಂಡ ಅರ್ಧದಲ್ಲಿದ್ದೆ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಹೊಸದು ಹುಡುಕಿಕೊಳ್ಳಲು ಇರುವುದು 60 ದಿನ. ಆ 60ನ್ನು ನಾನು ಕೆಲಸ ಇದ್ದಾಗಲೇ ಎಣಿಸಲು ಶುರು ಮಾಡಿದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಫೋನಿನಲ್ಲಿ ಹಳೇ ಕಾರಿನ ಕ್ಲಚ್ ಬದಲಿಸುವ ವಿಡಿಯೋ ನೋಡ್ತಾ ನೋಡ್ತಾ ಕಣ್ಣು ಮುಚ್ಚುತ್ತಿದ್ದೆ. ಬೋಲ್ಟು ಬಿಗಿಯಾಯ್ತು ಅಂದರೆ ಬಿಗಿಯಾಯ್ತು. ಅದಕ್ಕೆ ಮ್ಯಾನೇಜರ್ ಇಲ್ಲ, ರಿವ್ಯೂ ಇಲ್ಲ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ತತ್ವ ಏನೂ ಇರಲಿಲ್ಲ.

ಯಾವ ಕಾರು ಅನ್ನೋದು ಮಾತ್ರ ಜೇಬು ನಿರ್ಧರಿಸಿತು. ಡ್ರಿಫ್ಟ್‌ಗೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರೇ ಬೇಕು. ಊರಲ್ಲಿ ನಾವು ಓಡಿಸೋ ಸ್ವಿಫ್ಟು, ಐ20 ಎಲ್ಲ ಮುಂದಿನ ಚಕ್ರದಲ್ಲಿ ಎಳೆಯುವಂಥವು, ಹಿಂಭಾಗ ಹಗ್ಗ ಕಟ್ಟಿದ ಕರುವಿನಂತೆ ಬರುತ್ತದೆ ಅಷ್ಟೇ. (ಹಳೇ ಅಂಬಾಸಿಡರು, ಓಮ್ನಿ, ಜಿಪ್ಸಿ ಹಿಂದಿನಿಂದ ತಳ್ಳುವಂಥವು. ಓಮ್ನಿ ಯಾಕೆ ಮಳೆಯಲ್ಲಿ ಆಡುತ್ತಿತ್ತು ಅಂತ ನಿಮಗೂ ಈಗ ಹೊಳೆದಿರಬಹುದು.) ಇಲ್ಲಿ ಡ್ರಿಫ್ಟಿನವರ ಮೆಚ್ಚಿನ ನಿಸಾನ್ 240ಎಸ್‌ಎಕ್ಸ್ 1998ಕ್ಕೇ ನಿಂತುಹೋಯಿತು. ಉಳಿದಿರುವ ಗಾಡಿಗಳಿಗೆ ಹೇಳುವ ಬೆಲೆ ಕೇಳಿದರೆ ನಗು ಬರುತ್ತೆ. 350ಝಡ್ ಚೆನ್ನಾಗಿದೆ, ಆದರೆ ಅದರ 3.5 ಲೀಟರ್ ಇಂಜಿನ್ನು ಟೈರುಗಳನ್ನು ಹಪ್ಪಳದಂತೆ ತಿನ್ನುತ್ತದೆ. ಕೊನೆಗೆ ಸಿಕ್ಕಿದ್ದು 1999ರ ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಮುಚ್ಚಳ, 1.8 ಲೀಟರ್, 140 ಕುದುರೆ ಶಕ್ತಿ, ಐದು ಗೇರು. ತೂಕ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ. 1,46,000 ಮೈಲಿ ಓಡಿತ್ತು. ಮಾರಿದವರು ಒಬ್ಬ ರಿಟೈರ್ಡ್ ಟೀಚರ್. ಕೀ ಕೊಡುವಾಗ ಆಕೆಯ ಕಣ್ಣು ತುಂಬಿತ್ತು. ಇದನ್ನು ಏನು ಮಾಡುತ್ತೇನೆ ಅಂತ ನಾನು ಆಕೆಗೆ ಹೇಳಲಿಲ್ಲ. ಆ ವರ್ಷ ನಾನು ಯಾರಿಗೂ ಏನನ್ನೂ ಪೂರ್ತಿ ಹೇಳುತ್ತಿರಲಿಲ್ಲ ಅಂತ ಕಾಣುತ್ತೆ.

ಹೆಂಡತಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವಳು ಹೇಳಿದ್ದು ಎರಡೇ ಮಾತು. "ರೋಡಲ್ಲಿ ಮಾಡಿದ್ರೆ ನಾನು ಟಿಕೆಟ್ ತಗೊಂಡು ಮೈಸೂರಿಗೆ ಹೋಗ್ತೀನಿ. ಮತ್ತೆ ಮಾವನಿಗೆ ನೀನೇ ಹೇಳು."

ಬಜೆಟ್ ಡ್ರಿಫ್ಟ್ ಕಾರಿನ ಗುಟ್ಟು ಏನು ಹಾಕಬೇಕು ಅನ್ನೋದಲ್ಲ, ಏನು ಬಿಡಬೇಕು ಅನ್ನೋದು. ಚಕ್ರ ಇನ್ನೂ ಹೆಚ್ಚು ತಿರುಗುವಂತೆ ಮಾಡುವ ಸ್ಟೇರಿಂಗ್ ಕಿಟ್‌ನ ಬೆಲೆ ನೋಡಿದೆ, ಬಿಟ್ಟೆ. ಹೈಡ್ರಾಲಿಕ್ ಹ್ಯಾಂಡ್‌ಬ್ರೇಕು, ಬಿಟ್ಟೆ. ಅದರ ಬದಲು ಇದ್ದ ಹ್ಯಾಂಡ್‌ಬ್ರೇಕಿನ ಗುಂಡಿ ಬದಲಿಸಿ, ಎಳೆದರೆ ಲಾಕ್ ಆಗದೆ ವಾಪಸ್ ಬೀಳುವಂತೆ ಮಾಡಿಕೊಂಡೆ. 30 ಡಾಲರ್ ಸಾಮಾನು. ಟರ್ಬೋ ಅಂತ ಆಸೆ ಹುಟ್ಟಿಸುವವರು ತುಂಬಾ ಜನ ಇದ್ದಾರೆ. ಅವರ ಮಾತು ಕೇಳಬೇಡಿ. ಬಿಡಬಾರದ್ದು ಮೂರು: ತಲೆಯ ಹಿಂದೆ ರೋಲ್ ಬಾರ್, ಏಕೆಂದರೆ ಈ ಕಾರಿಗೆ ತಾರಸಿ ಇಲ್ಲ, ಪಲ್ಟಿ ಹೊಡೆದರೆ ನೆಲಕ್ಕೆ ತಾಗುವುದು ನಿಮ್ಮ ತಲೆ. ಮೈ ಅಲ್ಲಾಡದಂತೆ ಹಿಡಿಯುವ ಬಕೆಟ್ ಸೀಟು. ಒಳ್ಳೆಯ ಹೆಲ್ಮೆಟ್. ಮೊದಲೆರಡನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ, ಹೆಲ್ಮೆಟ್ ಮಾತ್ರ ಹೊಸದು. ಸಸ್ಪೆನ್ಷನ್ ಕೂಡ ಯಾರೋ ಬಿಚ್ಚಿಟ್ಟ ಕಾಯಿಲ್‌ಓವರ್ ಸೆಟ್ಟು.

ಎಲ್ಲಕ್ಕಿಂತ ಮುಖ್ಯವಾದದ್ದು ಡಿಫರೆನ್ಷಿಯಲ್. ತಿರುವಿನಲ್ಲಿ ಒಳಗಿನ ಚಕ್ರ ಕಡಿಮೆ ದೂರ, ಹೊರಗಿನದು ಹೆಚ್ಚು ದೂರ ಹೋಗಬೇಕಲ್ಲ, ಅದಕ್ಕೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಅದರ ಕೆಲಸ. ರಸ್ತೆಗೆ ಸರಿ. ಡ್ರಿಫ್ಟಿಗೆ ಹೋದರೆ ಒಳಗಿನ ಚಕ್ರವೊಂದೇ ಸುಮ್ಮನೆ ಗಿರಗಿರ ತಿರುಗಿ ಹೊಗೆ ಬಿಡುತ್ತದೆ, ಕಾರು ಜಾರುವುದಿಲ್ಲ. ಎರಡೂ ಚಕ್ರ ಒಟ್ಟಿಗೇ ತಿರುಗಬೇಕು. ಅದಕ್ಕೆ ಒಳ್ಳೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಬಹುದು, ನಾನು ಕಾರಿಗೆ ಕೊಟ್ಟಷ್ಟೇ ದುಡ್ಡು ಎಣಿಸಬಹುದು. ಇಲ್ಲವೇ ಅದನ್ನು ಬಿಚ್ಚಿ, ಒಳಗಿನ ಪುಟ್ಟ ಪಿನಿಯನ್‌ಗಳನ್ನು ವೆಲ್ಡಿಂಗ್ ಮಾಡಿ ಒಂದಕ್ಕೊಂದು ಅಂಟಿಸಿಬಿಡಬಹುದು. 120 ಡಾಲರ್. ಅಂಗಡಿಯವನು ಎಣ್ಣೆ ಚೂರೂ ಇಲ್ಲದಂತೆ ತೊಳೆದು ತಾ ಅಂದ. ಮಿಯಾಟಾದಲ್ಲಿ ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೊಂದು ಅಲ್ಯೂಮಿನಿಯಂ ಚೌಕಟ್ಟು ಇದೆ, ಅದನ್ನು ಕಳಚದೆ ಏನೂ ಕೆಳಗೆ ಇಳಿಯಲ್ಲ. 25 ವರ್ಷ ಉಪ್ಪು ತಿಂದ ಬೋಲ್ಟುಗಳು. ಒಂದಕ್ಕೇ ಒಂದು ಶನಿವಾರ ಪೂರ್ತಿ ಹೋಯ್ತು.

ಅಪ್ಪ ಬಂದಾಗ ಆಗಿದ್ದುದು ಈ ಹಂತ. ಬೆಂಚಿನ ಮೇಲೆ ಡಿಫರೆನ್ಷಿಯಲ್ ಇತ್ತು. ಅಪ್ಪ ಅದನ್ನು ಎತ್ತಿ ಬಗ್ಗಿ ನೋಡಿದರು.

"ಕ್ರೌನು-ಪಿನಿಯನ್ನಿಗೆ ವೆಲ್ಡಿಂಗ್ ಹೊಡೆಸಿದೀಯಾ?"

"ಹೂಂ ಅಪ್ಪಾ."

"ಯಾವ ಬುದ್ಧಿ ಇಲ್ದವನು ಹೇಳಿದ್ದು ನಿಂಗೆ?"

ಆಗ ಹೇಳಲೇಬೇಕಾಯ್ತು. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ಎರಡು ನಿಮಿಷ ನೋಡಿದರು. ಹೊಗೆ, ಚೀರಾಟ, ಅಡ್ಡಡ್ಡ ಹೋಗುವ ಕಾರುಗಳು. ಫೋನು ವಾಪಸ್ ಕೊಟ್ಟು, "ಎಂತದೋ ಇದು" ಅಂದರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಎರಡು ದಿನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ.

ಮೂರನೇ ದಿನ ಬಂದರು. ಬೇರೇನು ಮಾಡುತ್ತಾರೆ? ಅಮ್ಮ ನನ್ನ ಹೆಂಡತಿ ಜೊತೆ ಬ್ರಿಡ್ಜ್‌ವಾಟರ್ ದೇವಸ್ಥಾನ, ಓಕ್ ಟ್ರೀ ರೋಡಿನ ಅಂಗಡಿ ಅಂತ ಹೊಸ ಲೋಕ ಕಟ್ಟಿಕೊಂಡಿದ್ದರು. ಅಪ್ಪನಿಗೆ ವಾಕಿಂಗ್ ಹೋದರೆ ಮಾತಾಡಲು ಒಬ್ಬರೂ ಸಿಗುತ್ತಿರಲಿಲ್ಲ. ನಾನು ಬಾಡಿಗೆಗೆ ಹಿಡಿದಿದ್ದ ಆ ಗ್ಯಾರೇಜು ಮನೆಯಿಂದ ಹತ್ತು ನಿಮಿಷದ ನಡಿಗೆ. ನಾನು ಆಫೀಸಿನ ಕರೆಯಲ್ಲಿರುವಾಗ ಅವರೇ ಕೀ ತಗೊಂಡು ಹೋಗತೊಡಗಿದರು. ಒಂದು ಸಂಜೆ ಹೋದರೆ ನನ್ನ ಪಾನಾಗಳೆಲ್ಲ ಅಳತೆ ಪ್ರಕಾರ ಸಾಲಾಗಿ ಕೂತಿವೆ. ಇನ್ನೊಂದು ಸಂಜೆ, ಕ್ಲಚ್ ಒತ್ತಿದರೆ ಪೆಡಲ್ ಮೇಲೆ ಬರುತ್ತಿಲ್ಲ ಅಂತ ನಾನು ಗೋಳಾಡುತ್ತಿದ್ದಾಗ, ಅವರು ಕೆಳಗೆ ಬಗ್ಗಿ ಬೆರಳಿಂದ ಒರೆಸಿ, ಮೂಸಿ, "ಸ್ಲೇವ್ ಸಿಲಿಂಡರ್ ಲೀಕು" ಅಂದರು. ಇಂಟರ್ನೆಟ್ಟಿನಲ್ಲಿ ಎರಡು ಗಂಟೆ ಹುಡುಕಿ ನಾನೂ ಅಲ್ಲಿಗೇ ಬಂದಿದ್ದೆ.

ಆದರೆ ಅವರು ನಿಜವಾಗಿ ಉಳಿಸಿದ್ದು ಬೇರೆ. ಡಿಪೋದಿಂದ ಗಾಡಿ ಹೊರಡುವ ಮೊದಲು ಟಾರ್ಚು ಹಿಡಿದು ಕೆಳಗೊಂದು ಸುತ್ತು ನೋಡುವುದು ಅವರ ಹಳೇ ಅಭ್ಯಾಸ. ಹಾಗೇ ಒಂದು ಬೆಳಿಗ್ಗೆ ಮಿಯಾಟಾದ ಬದಿಗೆ ಮಲಗಿ, ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್ ಅಂತ ತಟ್ಟಿಕೊಂಡು ಬಂದಿದ್ದಾರೆ. ಮುಂದೆಲ್ಲ ಗಟ್ಟಿ ಸದ್ದು. ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು ಬದಲಾಯಿತಂತೆ. ತುದಿಯಿಂದ ಒತ್ತಿದರೆ ಸ್ಕ್ರೂಡ್ರೈವರ್ ಒಳಗೇ ಹೋಯಿತು. ಮೇಲೆ ಬಣ್ಣ ಮಿರಿಮಿರಿ ಮಿಂಚುತ್ತಿದೆ, ಒಳಗೆ ತಗಡು ನೆನೆದ ಹಪ್ಪಳ.

ಈ ಕಾರುಗಳ ಬಟ್ಟೆ ಮುಚ್ಚಳದ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಎರಡು ಸಣ್ಣ ತೂತುಗಳ ಮೂಲಕ ಕೊಳವೆಯಲ್ಲಿ ಇಳಿದು ಹೊರಗೆ ಹೋಗಬೇಕು. ಮರದ ಕೆಳಗೆ ನಿಲ್ಲಿಸಿದರೆ ಎಲೆ, ಕಸ ತುಂಬಿ ಕಟ್ಟಿಕೊಳ್ಳುತ್ತೆ. ನೀರು ಬಾಗಿಲ ಕೆಳಗಿನ ಪೊಳ್ಳಿನಲ್ಲಿ ನಿಂತು ತಿನ್ನುತ್ತೆ. ಮೇಲಿಂದ ಇಲ್ಲಿನ ರಸ್ತೆಗಳಿಗೆ ಹಿಮ ಕರಗಲು ಚೆಲ್ಲುವ ಉಪ್ಪು. ನಾನು ನೋಡಿರಲೇ ಇಲ್ಲ. ಆ ವಾರವೇ ರೋಲ್ ಬಾರ್ ಬೋಲ್ಟು ಹಾಕುವವನಿದ್ದೆ, ಅದು ಕೂರುವ ಜಾಗಕ್ಕೂ ಈ ತೂತಿಗೂ ಒಂದು ಗೇಣು ಅಂತರ. ಪಲ್ಟಿ ಹೊಡೆದಾಗ ತಲೆ ಕಾಯಬೇಕಾದ ಕಬ್ಬಿಣದ ಪಕ್ಕದಲ್ಲೇ ನೆನೆದ ಹಪ್ಪಳ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಹಾಕಿ ವೆಲ್ಡ್ ಮಾಡಿಸಲು 400 ಡಾಲರ್ ಆಯಿತು. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರು ಬಿಡಿಸಬೇಕು. ಅಪ್ಪ ಬಾನೆಟ್ ತೆಗೆದು ಬ್ಯಾಟರಿ ಹುಡುಕಿದರು, ಸಿಗಲಿಲ್ಲ. ಅದು ಇರುವುದು ಡಿಕ್ಕಿಯಲ್ಲಿ ಅಂದೆ. ಇಡೀ ಬೇಸಿಗೆಯಲ್ಲಿ ಆ ಕಾರಿನ ಬಗ್ಗೆ ನನಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದ್ದು ಅದೊಂದೇ.

ಜುಲೈನಲ್ಲಿ ಟ್ರ್ಯಾಕಿಗೆ ಹೋದೆವು. ಎಂಗ್ಲಿಷ್‌ಟೌನಿನ ರೇಸ್‌ವೇ ಪಾರ್ಕ್. 1965ರಲ್ಲಿ ಶುರುವಾದ ಹಳೇ ಜಾಗ. 2018ರಲ್ಲಿ ನೇರ ಓಟದ ಡ್ರ್ಯಾಗ್ ರೇಸು ನಿಲ್ಲಿಸಿದರು, ಡ್ರಿಫ್ಟಿನವರು ಮಾತ್ರ ಇನ್ನೂ ಬರುತ್ತಾರೆ. ನಾನು ಮಿಯಾಟಾದಲ್ಲಿ, ಅಪ್ಪ ಮತ್ತು ನನ್ನ ಗೆಳೆಯ ಹಿಂದೆ ನಮ್ಮ ಕೊರೋಲಾದಲ್ಲಿ. ಅದರ ಹಿಂದಿನ ಸೀಟು, ಡಿಕ್ಕಿ ತುಂಬ ಹಳೇ ಟೈರು, ಒಂದಕ್ಕೆ 25 ಡಾಲರಿನಂತೆ ಎಂಟು. ಅಮ್ಮ ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ಎಲ್ಲಿಗೆ ಅಂತ ಅಮ್ಮನಿಗೆ ಹೇಳಿದ್ದು "ಕಾರಿನ ಎಕ್ಸಿಬಿಷನ್ನು". ಈ ಸುಳ್ಳು ಮಾತ್ರ ಅಪ್ಪನದು.

ಮೊದಲ ಗಂಟೆ ನನ್ನ ಜೀವನದ ಅತಿ ಅವಮಾನದ ಗಂಟೆ. ಮಿಯಾಟಾ ಗಿಡ್ಡ ಕಾರು, ಮುಂದಿನ ಹಿಂದಿನ ಚಕ್ರದ ನಡುವೆ ಅಂತರ ಕಡಿಮೆ. ಜಾರಿತು ಅಂತ ನಿಮ್ಮ ಮಿದುಳಿಗೆ ಗೊತ್ತಾಗುವಷ್ಟರಲ್ಲಿ ಅದು ಪೂರ್ತಿ ತಿರುಗಿ ಬಂದ ದಾರಿ ನೋಡುತ್ತಿರುತ್ತೆ. ಎರಡನೇ ಗೇರು, ಕ್ಲಚ್ ಒತ್ತಿ ತಟ್ಟನೆ ಬಿಡು, ಹಿಂಭಾಗ ಹೊರಗೆ ಬರುತ್ತೆ, ಸ್ಟೇರಿಂಗ್ ಉಲ್ಟಾ... ಗಿರಕಿ. ಮತ್ತೆ. ಗಿರಕಿ. ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಟೈರು ತಟ್ಟನೆ ನೆಲ ಕಚ್ಚಿ ಇನ್ನೊಂದು ಕಡೆಗೆ ಎಸೆಯುತ್ತೆ. ಹತ್ತಿಪ್ಪತ್ತು ಸಲ ಗಿರಕಿ ಹೊಡೆದಿರಬೇಕು, ಎಣಿಸುವುದನ್ನು ಬಿಟ್ಟೆ. ಪಕ್ಕದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ತುಕ್ಕು ಹಿಡಿದ ಬಿಎಂಡಬ್ಲ್ಯೂನಲ್ಲಿ ಬೆಣ್ಣೆ ಹಚ್ಚಿದಂತೆ ಜಾರಿಕೊಂಡು ಹೋಗುತ್ತಿದ್ದಳು.

ನೀರು ಕುಡಿಯಲು ಬಂದೆ. ಅಪ್ಪ ಬೇಲಿಯ ಆಚೆ, ಮಡಚುವ ಕುರ್ಚಿಯಲ್ಲಿ, ತಲೆಗೆ ಟವೆಲ್ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ನೀ ಎಲ್ಲಿ ನೋಡ್ತಿದೀಯ?"

"ಅಂದ್ರೆ?"

"ಗಾಡಿ ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡ್ಬೇಕು. ನೀನು ಬಾನೆಟ್ ನೋಡ್ತಿದೀಯ. ಬಾನೆಟ್ಟು ಎಲ್ಲಿ ತಿರುಗುತ್ತೋ ನೀನೂ ಅಲ್ಲಿಗೆ ಹೋಗ್ತೀಯ. ಘಾಟಿ ತಿರುವಲ್ಲಿ ನಾವು ಎದುರು ಗಾಜಲ್ಲಿ ನೋಡ್ತಾ ಕೂತ್ರೆ ಬಸ್ಸು ಪ್ರಪಾತಕ್ಕೇ. ಪಕ್ಕದ ಕಿಟಕೀಲಿ ಕೆಳಗಿನ ರೋಡು ನೋಡ್ತಾ ಇರ್ಬೇಕು."

ಇದು ಸಿನಿಮಾ ಅಲ್ಲವಾದ್ದರಿಂದ ಮುಂದಿನ ಸುತ್ತಿನಲ್ಲೂ ಗಿರಕಿಯೇ ಹೊಡೆದೆ. ಆದರೆ ಅದಾದ ಮೇಲೆ, ಊಟ ಮುಗಿಸಿ ಮೂರನೇಯದೋ ನಾಲ್ಕನೇಯದೋ ಸುತ್ತಿರಬೇಕು, ಪಕ್ಕದ ಕಿಟಕಿಯಲ್ಲಿ ತಿರುವಿನ ಕೊನೆಯ ಕೋನ್ ನೋಡುತ್ತಾ ಕ್ಲಚ್ ಬಿಟ್ಟೆ. ಸ್ಟೇರಿಂಗ್ ತಾನಾಗೇ ಅಂಗೈಯೊಳಗೆ ಸುತ್ತಿತು. ನಾನು ಹಿಡಿದದ್ದು ಕೊನೆಯಲ್ಲಿ ಮಾತ್ರ. ಕಾರು ಅಡ್ಡಕ್ಕೇ ನಿಂತು, ಅಡ್ಡಕ್ಕೇ ಹೋಯಿತು. ಮೂರು ಸೆಕೆಂಡೋ ನಾಲ್ಕೋ. ಒಳಗೆ ಟೈರಿನ ವಾಸನೆ, ಬೇರೇನೂ ಇಲ್ಲ. ಆಫೀಸು ಇಲ್ಲ, 60 ದಿನ ಇಲ್ಲ.

ವಾಪಸ್ ಬರುವಾಗ ಗೆಳೆಯ ಮಿಯಾಟಾ ಓಡಿಸುತ್ತೇನೆ ಅಂದ. ಕೊರೋಲಾದಲ್ಲಿ ನಾನು, ಅಪ್ಪ. ರೂಟ್ 9ರಲ್ಲಿ ಟ್ರಾಫಿಕ್ಕು. ಸಿಗ್ನಲಿನಲ್ಲಿ ನಿಂತಾಗ ಅಪ್ಪ ತಾವಾಗೇ ಶುರು ಮಾಡಿದರು.

"ನಂದೂ ಒಂದ್ಸಲ ಹಿಂಗೇ ಜಾರಿತ್ತು."

ಮಳೆಗಾಲ. ಧರ್ಮಸ್ಥಳಕ್ಕೆ ಇಳಿಯುವ ಟ್ರಿಪ್ಪು. ಅಣ್ಣಪ್ಪನ ಗುಡಿ ಹತ್ತಿರ ನಿಲ್ಲಿಸಿ ಕೈ ಮುಗಿದು ಹೊರಟ ಮೇಲೆ, ಎರಡು ತಿರುವು ಕೆಳಗೆ, ಯಾವುದೋ ಲಾರಿಯಿಂದ ಸೋರಿದ ಡೀಸೆಲ್ಲು. ಬಸ್ಸಿನ ಹಿಂಭಾಗ ಮೆಲ್ಲಗೆ ಕಣಿವೆಯ ಕಡೆ ಹೊರಟಿತಂತೆ. ಸೀಟು ಭರ್ತಿ, ನಿಂತವರೂ ಇದ್ದರು. "ಬ್ರೇಕ್ ಒತ್ತಿದ್ರೆ ಅಲ್ಲಿಗೇ ಮುಗೀತಿತ್ತು. ಕಾಲು ತೆಗ್ದೆ. ಜಾರಿದ ಕಡೆಗೇ ಸ್ಟೇರಿಂಗ್ ಕೊಟ್ಟೆ. ಬಂತು." ಹಿಂದಿನ ಚಕ್ರ ರಸ್ತೆ ಅಂಚಿನ ಕಲ್ಲಿಗೆ ತಾಗಿತೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಕಂಡಕ್ಟರಿಗೆ ಮಾತ್ರ ತಿಳಿದಿದ್ದು. ಪ್ರಯಾಣಿಕರು ಅರ್ಧ ನಿದ್ದೆಯಲ್ಲಿದ್ದರು. ಉಜಿರೆಯಲ್ಲಿ ಇಳಿದು ಇಬ್ಬರೂ ಟೀ ಕುಡಿದರು. ಅಪ್ಪನ ಕೈಯಲ್ಲಿ ಲೋಟ ನಿಲ್ಲಲಿಲ್ಲವಂತೆ.

"ಅಮ್ಮಂಗೆ ಹೇಳಿದ್ರಾ?"

"ಇಲ್ಲ. ಯಾರಿಗೂ ಹೇಳಿಲ್ಲ. ಹೇಳಿದ್ರೆ ಅವ್ಳು ದಿನಾ ಬಾಗಿಲಲ್ಲಿ ನಿಂತಿರ್ತಿದ್ಲು." ಸ್ವಲ್ಪ ಹೊತ್ತು ಬಿಟ್ಟು, "ಆಮೇಲಿನ ವರ್ಷವೇ ಆ ಪದಕ ಕೊಟ್ಟಿದ್ದು" ಅಂದರು.

ಶೋಕೇಸಿನ ಆ ಪ್ಲಾಸ್ಟಿಕ್ ಕವರನ್ನು ಅವರು ಯಾಕೆ ಇವತ್ತಿಗೂ ತೆಗೆದಿಲ್ಲ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಅದರ ಬದಲು, "ಅಪ್ಪಾ, ಆ ಕಾರಿಗೆ ನಾನು ಕೊಟ್ಟಿದ್ದು ಎಂಟುನೂರಲ್ಲ" ಅಂದೆ.

"ಗೊತ್ತು. ಎರಡು ಸಾವಿರದ ಎಂಟುನೂರು. ಮುಂದಿನ ಡಬ್ಬಿಯಲ್ಲಿ ಕಾಗದ ಇತ್ತು. ನಾ ಬಂದ ವಾರದಲ್ಲೇ ನೋಡಿದೆ." ಸಿಗ್ನಲ್ ಹಸಿರಾಗಿತ್ತು, ಹಿಂದಿನವರು ಹಾರ್ನ್ ಹೊಡೆದರು. "ಒಟ್ಟು ಎಷ್ಟಾಯ್ತು, ಅದು ಹೇಳು."

ಗ್ಯಾರೇಜಿನ ಬಾಡಿಗೆ ಬಿಟ್ಟು, ಅವತ್ತಿನ ಟ್ರ್ಯಾಕ್ ಫೀಸೂ ಸೇರಿಸಿ 5,860 ಅಂದೆ. ಹತ್ತಿರ ಹತ್ತಿರ ಐದು ಲಕ್ಷ ರೂಪಾಯಿ. ನನ್ನ ಓದಿಗೆ ಅಂತ ಅವರು ಸಾಲ ಮಾಡಿದ ದಿನಗಳಲ್ಲಿ ಅದು ಎಷ್ಟು ವರ್ಷದ ಸಂಬಳ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಮನೆ ಮುಟ್ಟುವವರೆಗೂ ಮಾತಿಲ್ಲ. ಕಾರು ನಿಲ್ಲಿಸಿದ ಮೇಲೆ, "ಟೈರು ಎಂಟರಲ್ಲಿ ಎಷ್ಟು ಉಳೀತು?" ಅಂದರು. ಐದು ಅಂದೆ. "ಪರವಾಗಿಲ್ಲ" ಅಂದರು.

ಅಕ್ಟೋಬರಿನಲ್ಲಿ ಊರಿಗೆ ಹೊರಟರು. ಈಗ ಭಾನುವಾರದ ಫೋನಿನಲ್ಲಿ ಅಮ್ಮನ ಮಾತೆಲ್ಲ ಮುಗಿದ ಮೇಲೆ ಅಪ್ಪನ ಸರದಿ. ನನ್ನ ಕೆಲಸ ಹೇಗಿದೆ ಅಂತ ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹೋದ ವಾರ ಕೇಳಿದ್ದು ಇಷ್ಟು: "ಎಲೆ ಉದುರೋ ಕಾಲ ಅಲ್ವಾ ಅಲ್ಲಿ? ಆ ತೂತು ಚುಚ್ಚಿದೆಯಾ?"

ಚುಚ್ಚಿರಲಿಲ್ಲ. ಚುಚ್ಚಿದೆ ಅಂತ ಬಾಯಿಗೆ ಬಂದಿತ್ತು. "ಇಲ್ಲ ಅಪ್ಪಾ, ಈಗ ಹೋಗ್ತೀನಿ" ಅಂದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುತ್ತಾರಲ್ಲ, ಆ ದಪ್ಪ ಪ್ಲಾಸ್ಟಿಕ್ ದಾರ ಇದಕ್ಕೆ ಸರಿಯಾಗಿ ಆಗುತ್ತೆ. ಸೀಟಿನ ಹಿಂದೆ ಬಗ್ಗಿ ಕೊಳವೆಯೊಳಗೆ ಇಳಿಸಿದೆ, ಒಂದು ಮುಷ್ಟಿ ಕಪ್ಪು ಎಲೆ ಬಂತು. ಒಂದು ಲೋಟ ನೀರು ಹುಯ್ದೆ. ಕೆಳಗಿನಿಂದ ಸಲೀಸಾಗಿ ಹೊರಗೆ ಬಂತು.